ವಿಮಾನ ಹೋಗುವ ತನಕ

ಎದುರು ಮನೆಗೆ ಹೊಸದಾಗಿ ಬಂದ ವಿಜಯಮ್ಮನವರು ಇವತ್ತು ಬೆಳಿಗ್ಗೆ ಬಾಗಿಲು ತಟ್ಟಿದರು. ಕೈಯಲ್ಲೊಂದು ಸ್ಟೀಲ್ ಬಟ್ಟಲಿತ್ತು. ಬಟ್ಟಲು ಯಾಕೆ ಎಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬಂದ ಕೆಲಸವನ್ನು ಬಂದ ಕೂಡಲೇ ಹೇಳುವುದು ಮರ್ಯಾದಸ್ಥರ ಲಕ್ಷಣವಲ್ಲ ಎಂದು ನಾವಿಬ್ಬರೂ ನಂಬಿದವರು. ನೀರು ಬರುವ ಹೊತ್ತು, ಲಿಫ್ಟಿನ ರಗಳೆ, ತಣಿಸಂದ್ರದ ಧೂಳು ಎಲ್ಲ ಮುಗಿದ ಮೇಲೆ ಅವರು ನನ್ನ ಭುಜದ ಮೇಲಿಂದ ಒಳಗೆ ಇಣುಕಿದರು. ಒಳಗೆ ಪವಿತ್ರ ತಲೆಗೆ ಎಣ್ಣೆ ಮೆತ್ತಿಕೊಂಡು, ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಕಾಮಿಕ್ಸ್ ಓದುತ್ತಿದ್ದಳು.

"ನೀವಿಬ್ರೂ ಅಕ್ಕ ತಂಗೀರಾ?" ಎಂದರು ವಿಜಯಮ್ಮ. "ಮುಖದಲ್ಲಿ ಒಂಥರಾ ಒಂದೇ ಕಳೆ ಕಾಣತ್ತೆ."

ನನ್ನ ಮುಖಕ್ಕೂ ಪವಿತ್ರಳ ಮುಖಕ್ಕೂ ಇರುವ ಹೋಲಿಕೆ ಜೋಳದ ರೊಟ್ಟಿಗೂ ರಾಗಿ ಮುದ್ದೆಗೂ ಇರುವಷ್ಟು. ಆದರೂ ಪ್ರಶ್ನೆ ಹೊಸದಲ್ಲ. ಹಾಲು ಹಾಕುವವರು, ಗ್ಯಾಸ್ ತರುವವರು, ಅಪಾರ್ಟ್‌ಮೆಂಟಿನ ಸೆಕ್ರೆಟರಿ, ಎಂಟು ವರ್ಷದಿಂದ ಎಲ್ಲರೂ ಕೇಳಿದ್ದಾರೆ. ನಮ್ಮ ಉತ್ತರವೂ ಹಳೆಯದೇ: "ಹೂಂ, ಹಾಗೇ ಅಂದ್ಕೊಳ್ಳಿ." ಇದರಲ್ಲಿ ಸುಳ್ಳಿಲ್ಲ, ಅವರು ಏನು ಅಂದುಕೊಂಡರೂ ಅದು ಅವರ ಜವಾಬ್ದಾರಿ. ಇವತ್ತೂ ಅದನ್ನೇ ಹೇಳುವುದಿತ್ತೇನೋ. "ನಾವಿಬ್ರೂ" ಎಂದು ಬಾಯಿ ತೆರೆದೆ ನೋಡಿ, ಅಷ್ಟರಲ್ಲಿ ಮೇಲೆ ವಿಮಾನ ಬಂತು.

ಯಲಹಂಕದ ವಾಯುನೆಲೆಯಲ್ಲಿ ವಿಮಾನ ಪ್ರದರ್ಶನದ ತಾಲೀಮು ನಡೆಯುವ ದಿನಗಳಿವು. ಅಡುಗೆಮನೆಯ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ನಾನು ಬಾಯಿ ತೆರೆದಂತೆಯೇ ನಿಂತೆ. ವಿಜಯಮ್ಮನವರಿಗೆ ಗಾಬರಿಯಾಗಿರಬೇಕು, ನನಗೇನೋ ಆಗಿಬಿಟ್ಟಿತು ಎಂದು. ಪಾಪ, ಅವರಿಗೆ ಯಲಹಂಕದ ಪದ್ಧತಿ ಗೊತ್ತಿಲ್ಲ. ಹಳೇ ಯಲಹಂಕದಲ್ಲಿ ವಿಮಾನ ಬಂದರೆ ಆಡುತ್ತಿದ್ದ ಮಾತನ್ನು ಅಲ್ಲಿಗೇ ನಿಲ್ಲಿಸಬೇಕು. ಸದ್ದು ದಾಟಿದ ಮೇಲೆ ನಿಲ್ಲಿಸಿದ ಪದದಿಂದಲೇ ಮುಂದುವರಿಸಬೇಕು. ಸೊಪ್ಪು ಮಾರುವ ಹೆಂಗಸು "ದಂಟು" ಎಂದು ಕೂಗಿ, ಆಕಾಶ ನೋಡಿ, ಸುಮ್ಮನಾಗಿ, ಆಮೇಲೆ "ಸೊಪ್ಪೋ" ಎನ್ನುವುದನ್ನು ನಾನೇ ಕೇಳಿದ್ದೇನೆ. ಈ ಪದ್ಧತಿಯನ್ನು ನಾನು ಕಲಿತದ್ದು ಅಲ್ಲಿ ಬಾಡಿಗೆಗಿದ್ದ ದಿನಗಳಲ್ಲಿ, ಮತ್ತು ಪೂರ್ತಿ ಕಲಿಯದೆ ಪೆಟ್ಟು ತಿಂದದ್ದೂ ಅಲ್ಲೇ. ತಾಲೀಮಿನ ವಿಮಾನ ಒಂದೇ ಬರುವುದಿಲ್ಲ, ಹಿಂದೆ ಇನ್ನೆರಡಾದರೂ ಇರುತ್ತವೆ. ಅವು ಹೋಗುವ ತನಕ ನೀವೂ ವಿಜಯಮ್ಮನವರ ಪಕ್ಕದಲ್ಲಿ ನಿಂತಿರಿ, ಆ ಕಥೆ ಹೇಳಿಬಿಡುತ್ತೇನೆ.

ನಾನು ಗದಗಿನ ಕಡೆಯವಳು. ಯಲಹಂಕದ ಕಾಲೇಜೊಂದರ ಲ್ಯಾಬಿನಲ್ಲಿ ಕೆಲಸ ಸಿಕ್ಕಿ ಬಂದಾಗ ನನಗೆ ಇಪ್ಪತ್ತೈದು. ಹಳೇ ಊರಿನೊಳಗೆ, ಒಂದು ಕಾಲಕ್ಕೆ ರಾಗಿ, ಅವರೆ ಬೆಳೆಯುತ್ತಿದ್ದ ಒಕ್ಕಲಿನ ಮನೆಯೊಂದರ ತಾರಸಿಯಲ್ಲಿ ಒಂಟಿ ರೂಮು ಸಿಕ್ಕಿತು. ಆ ಮನೆಯ ಮಗಳು ಪವಿತ್ರ, ನನ್ನ ವಾರಗೆಯವಳು. ಯಶವಂತಪುರದ ಮಾರುಕಟ್ಟೆಯಲ್ಲಿ ಅವಳ ಸೋದರಮಾವನ ಈರುಳ್ಳಿ ಮಂಡಿಯನ್ನು ಅವಳೇ ನೋಡಿಕೊಳ್ಳುತ್ತಿದ್ದಳು. ಮನೆಯಲ್ಲಿ ಅವಳ ಅಪ್ಪ, ಅಮ್ಮ, ಮತ್ತು ಎಲ್ಲರ ಮೇಲೂ ಕಣ್ಣಿಟ್ಟಿದ್ದ ಅಜ್ಜಿ ನಿಂಗಮ್ಮ. ಮೊದಲ ದಿನವೇ ಪವಿತ್ರ ನನ್ನ ಹೆಸರನ್ನು ತೆಗೆದುಹಾಕಿ "ಗದಗು" ಎಂದು ಇಟ್ಟಳು. ಅದೇ ಉಳಿಯಿತು.

ನನಗೊಂದು ಚಟವಿತ್ತು. ಜಪಾನಿನ ಕಾಮಿಕ್ಸ್ ಮತ್ತು ಕಾರ್ಟೂನು, ಅದರಲ್ಲೂ ಯೂರಿ ಎಂದು ಕರೆಯುವ ಜಾತಿಯವು. ಹುಡುಗಿಯೊಬ್ಬಳು ಹುಡುಗಿಯನ್ನೇ ಪ್ರೀತಿಸುವ ಕಥೆಗಳು. ಗಂಭೀರವಾದವೂ ಇವೆ, ಅವುಗಳಲ್ಲಿ ಯಾರಾದರೂ ಅಳುತ್ತಾರೆ ಎಂದು ನಾನು ಮುಟ್ಟುತ್ತಿರಲಿಲ್ಲ. ನನಗೆ ಬೇಕಾದದ್ದು ನಗೆಯವು. ಗುಟ್ಟಾಗಿ ನೋಡುತ್ತಿದ್ದ ನನ್ನನ್ನು ಪವಿತ್ರ ಒಂದು ಭಾನುವಾರ ಹಿಡಿದಳು. ನಾನು ಲ್ಯಾಪ್‌ಟಾಪು ಮುಚ್ಚುವಷ್ಟರಲ್ಲಿ ಪಕ್ಕದಲ್ಲಿ ಕುಳಿತು, "ಮುಚ್ಬೇಡ ಗುರು, ಯಾರಿವ್ರು? ಮೊದ್ಲಿಂದ ಹಾಕು" ಎಂದಳು. ಅವಳ ಹಿಂದೆಯೇ, ಮೊಮ್ಮಗಳು ಮೇಲೆ ಏನು ಮಾಡುತ್ತಾಳೆ ಎಂದು ನೋಡಲು ಅಜ್ಜಿಯೂ ಮೆಟ್ಟಿಲು ಹತ್ತಿ ಬಂದರು. ಹೀಗೆ ಭಾರತದಲ್ಲೇ ಮೊದಲನೆಯದಿರಬಹುದಾದ ಒಂದು ಯೂರಿ ಸಂಘ ನನ್ನ ರೂಮಿನಲ್ಲಿ ಸ್ಥಾಪನೆಯಾಯಿತು. ಸದಸ್ಯರು ಮೂವರು, ಒಬ್ಬರಿಗೆ ಎಂಬತ್ತು ದಾಟಿತ್ತು.

ಅಜ್ಜಿಗೆ ಪವಿತ್ರ ಕನ್ನಡದಲ್ಲಿ ಹೇಳುತ್ತಾ ಹೋಗುತ್ತಿದ್ದಳು. ನಾವು ಹೆಚ್ಚು ನೋಡಿದ್ದು ಸಣ್ಣ ಊರಿನ ಬೇಕರಿಯಲ್ಲಿ ಕೆಲಸ ಮಾಡುವ ಇಬ್ಬರ ಕಥೆ. ಜಪಾನಿ ಹೆಸರುಗಳಿಗೆ ನಾಲಿಗೆ ಹೊರಳದೆ ಅವರನ್ನು ಉದ್ದಜಡೆ, ಕನ್ನಡಕ ಎಂದು ಕರೆದೆವು. ಅಜ್ಜಿಯ ತಕರಾರುಗಳೇ ಬೇರೆ. "ಅಲ್ಲ ಕಣಮ್ಮಿ, ಕಣ್ಣು ನೋಡುದ್ರೆ ಕೊಬ್ರಿ ಬಟ್ಲಷ್ಟವೆ, ಮೂಗೇ ಇಲ್ವಲ್ಲ ಈ ಹುಡ್ಗೀರ್ಗೆ" ಎನ್ನುತ್ತಿದ್ದರು. ಇನ್ನೊಮ್ಮೆ, "ಇವ್ರ ಬಾಯಿ ಸುಮ್ಕೆ ಮುಚ್ಚಿ ತೆಗ್ದು ಮಾಡ್ತವೆ. ಒಂದ್ ಮಾತೂ ಆಡಕಿಲ್ಲ" ಎಂದು ದೂರಿದರು. ವಯಸ್ಸಾದವರ ಮಾತು ಎಂದು ನಾನು ನಕ್ಕೆ. ಆ ಮಾತನ್ನು ಅವತ್ತೇ ಗಂಟು ಕಟ್ಟಿಕೊಳ್ಳಬೇಕಿತ್ತು.

ಪವಿತ್ರ ಪ್ರೇಮಕಥೆಗಳಿಗೆ ದರ್ಜೆ ಹಾಕುತ್ತಿದ್ದಳು, ಈರುಳ್ಳಿಗೆ ಹಾಕುವಂತೆ. ಒಂದನೇ ದರ್ಜೆ, ಎರಡನೇ ದರ್ಜೆ, ಮೂರನೇ ದರ್ಜೆ, ಕೊನೆಯದು ಕೊಳೆತದ್ದು. ಅವಳ ಪರೀಕ್ಷೆ ಒಂದೇ: ಇದು ನಂಬೋ ಹಾಗಿದೆಯಾ? ಉದ್ದಜಡೆ ಎಡವಿ ಕನ್ನಡಕದ ಮೇಲೆ ಬಿದ್ದು ಇಬ್ಬರೂ ಕೆಂಪಾದರೆ, "ಕೊಳ್ತೋಗಿದೆ" ಎಂದು ಕೈ ಕೊಡವುತ್ತಿದ್ದಳು. "ನಮ್ಮನೆ ಮೆಟ್ಲು ಎಷ್ಟು ಕಡಿದಾಗಿದೆ ನೋಡು. ಇಷ್ಟ್ ವರ್ಷದಲ್ಲಿ ಒಬ್ಳಾದ್ರೂ ಯಾರ ಮೇಲಾದ್ರೂ ಬಿದ್ದಿದಾಳಾ?" ನಾನು ಮೆಟ್ಟಿಲು ನೋಡಿ, ಬೀಳುವ ಸಾಧ್ಯತೆಯನ್ನು ಒಂದು ಕ್ಷಣ ಯೋಚಿಸಿ, ಇಲ್ಲ ಎಂದೆ.

"ಶುರುನೂ ನೋಡ್ಬಾರ್ದು, ಕೊನೇನೂ ನೋಡ್ಬಾರ್ದು ಕಣೇ" ಎನ್ನುತ್ತಿದ್ದಳು. "ಚೀಲದ ಬಾಯಲ್ಲಿ ಎಲ್ರೂ ಒಳ್ಳೇ ಗಡ್ಡೇನೇ ಇಟ್ಟಿರ್ತಾರೆ. ಕೈಯನ್ನ ಹೊಟ್ಟೆಗೆ ಹಾಕಿ ತೆಗೀಬೇಕು." ಹಾಗೆ ಹೊಟ್ಟೆಗೆ ಕೈ ಹಾಕಿ ಅವಳು ತೆಗೆದದ್ದು ಒಂದು ಚಿಕ್ಕ ಚಿತ್ರ. ಬ್ರೆಡ್ಡು ಸ್ವಲ್ಪ ಸೀದಿದೆ. ಕನ್ನಡಕ ಏನೂ ಮಾತಾಡದೆ ಸೀದ ಅಂಚನ್ನು ಕತ್ತರಿಸಿ ತನ್ನ ತಟ್ಟೆಗೆ ಹಾಕಿಕೊಂಡು, ಮೆತ್ತನೆಯದನ್ನು ಉದ್ದಜಡೆಗೆ ತಳ್ಳುತ್ತಾಳೆ. ಉದ್ದಜಡೆ ಅದನ್ನು ಗಮನಿಸುವುದೂ ಇಲ್ಲ. ಪವಿತ್ರ ಅಲ್ಲಿ ನಿಲ್ಲಿಸಿ ಬಹಳ ಹೊತ್ತು ನೋಡಿದಳು. "ಇದು ಒಂದನೇ ದರ್ಜೆ. ಈ ಕನ್ನಡಕ ನಿಜವಾಗ್ಲೂ ಪ್ರೀತಿಸ್ತಾಳೆ."

ನನಗೆ ಪವಿತ್ರಳ ಮೇಲೆ ಪ್ರೀತಿಯಾದದ್ದು ಆಗಲೇ. ಸುತ್ತಿ ಬಳಸಿ ಹೇಳುವ ಕಲೆ ನನಗೆ ಬರುವುದಿಲ್ಲ. ಕಾರ್ಟೂನಿನಲ್ಲಾದರೆ ಹಿಂದೆ ಹೂವಿನ ಎಸಳು ಹಾರುತ್ತವೆ. ನಮ್ಮಲ್ಲಿ ಕೆಳಗಡೆಯಿಂದ ಅವಳಮ್ಮ ಮೋಟಾರ್ ಆಫ್ ಮಾಡು ಎಂದು ಕೂಗುತ್ತಿದ್ದರು, ಅಷ್ಟೇ ವ್ಯತ್ಯಾಸ.

ನಮ್ಮಿಬ್ಬರಿಗೆ ದೊಡ್ಡ ಜಗಳವಾದದ್ದು ಹನ್ನೊಂದನೆಯ ಕಂತಿನ ಮೇಲೆ. ಉದ್ದಜಡೆ ರೈಲ್ವೆ ಗೇಟಿನ ಹತ್ತಿರ ಕನ್ನಡಕಕ್ಕೆ "ನಿನ್ನನ್ನ ಪ್ರೀತಿಸ್ತೀನಿ" ಎನ್ನುತ್ತಾಳೆ. ಅದೇ ಹೊತ್ತಿಗೆ ರೈಲು ಬರುತ್ತದೆ. ಕನ್ನಡಕಕ್ಕೆ ಏನೂ ಕೇಳಿಸುವುದಿಲ್ಲ. ಈ ಜಾತಿಯ ಕಥೆಗಳಲ್ಲಿ ಇದು ಒಗ್ಗರಣೆಗೆ ಸಾಸಿವೆ ಇದ್ದ ಹಾಗೆ, ಇರಲೇಬೇಕು. ಪವಿತ್ರ ಅದಕ್ಕೆ ಕೊಳೆತದ್ದು ಎಂದು ತೀರ್ಪು ಕೊಟ್ಟಳು.

"ಎದುರಿಗೇ ನಿಂತಿದಾಳೆ. ಮುಖ ನೋಡ್ತಿದಾಳೆ. ಗೊತ್ತಾಗ್ಲಿಲ್ಲ ಅಂದ್ರೆ ಯಾರ್ ನಂಬ್ತಾರೆ?"

"ರೈಲಿನ ಸಪ್ಪಳದಾಗ ಹೆಂಗ ಗೊತ್ತಾಗ್ತದ? ನಾನಂತೂ ನಂಬ್ತೀನಿ" ಎಂದೆ ನಾನು.

"ನೀನ್ ನಂಬ್ತೀಯ. ನಿಮ್ಮೂರಲ್ಲಿ ವಿಮಾನ ಇಲ್ಲ."

ವಿಮಾನಕ್ಕೂ ಇದಕ್ಕೂ ಏನು ಸಂಬಂಧ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಮೂರು ದಿನ ವಾದಿಸಿದೆ. ನಿಜ ಹೇಳಬೇಕೆಂದರೆ ಉದ್ದಜಡೆ ನನಗೆ ಬಹಳ ಅರ್ಥವಾಗಿದ್ದಳು. ಹೇಳಿದ ಹಾಗೂ ಆಗಬೇಕು, ಹೇಳದ ಹಾಗೂ ಇರಬೇಕು. ಹೇಡಿಗಳ ಪಾಲಿಗೆ ಆ ರೈಲು ದೇವರು ಕಳಿಸಿದ್ದು.

ಅದೇ ಫೆಬ್ರವರಿಯಲ್ಲಿ ಪವಿತ್ರಳ ಅಪ್ಪ ಮನೆ ಒಡೆಸಿ ಅಪಾರ್ಟ್‌ಮೆಂಟು ಕಟ್ಟಿಸುವುದೆಂದು ನಿರ್ಧರಿಸಿದರು. ಸುತ್ತಮುತ್ತ ಎಲ್ಲರೂ ಕಟ್ಟಿಸುತ್ತಿದ್ದರು, ಇವರ ಮನೆ ಒಂದೇ ಕುಳ್ಳಗೆ ಉಳಿದಿತ್ತು. ತಿಂಗಳ ಕೊನೆಯೊಳಗೆ ರೂಮು ಬಿಡಬೇಕು ಎಂದು ನನಗೆ ಹೇಳಿದರು. ಬಿಟ್ಟ ಮೇಲೆ ನಾನು ಈ ಮನೆಗೆ ಯಾರು? ಒಂದು ಕಾಲದಲ್ಲಿ ಬಾಡಿಗೆಗಿದ್ದ ಗದಗಿನ ಹುಡುಗಿ. ಸಂಕ್ರಾಂತಿಗೆ ಎಳ್ಳು ಬೆಲ್ಲದ ಫೋಟೋ ಕಳಿಸಬಹುದು, ಅಷ್ಟೇ. ಹೇಳುವುದಿದ್ದರೆ ಆ ತಿಂಗಳಲ್ಲೇ ಹೇಳಬೇಕಿತ್ತು.

ಭಾನುವಾರ ಮಧ್ಯಾಹ್ನ. ತಾರಸಿಯ ಮೇಲೆ ನಾನು, ಪವಿತ್ರ ಎದುರುಬದುರು ಕುಳಿತು ನೆನೆಸಿದ ಅವರೆಕಾಳು ಹಿತಕುತ್ತಿದ್ದೆವು. ನೀರಿನ ಟ್ಯಾಂಕಿನ ನೆರಳಿನಲ್ಲಿ ಅಜ್ಜಿ ಇನ್ನೊಂದು ಬುಟ್ಟಿ ಇಟ್ಟುಕೊಂಡಿದ್ದರು. ಬೆರಳಿಗೆಲ್ಲ ಅವರೆಯ ಸೊಗಡು ಹತ್ತಿತ್ತು. ಪವಿತ್ರ ಹುಳುಕು ಕಾಳುಗಳನ್ನು ಆರಿಸುತ್ತಾ, "ಗದಗು, ಹುಳ ಇರೋದನ್ನ" ಎಂದಳು, ವಿಮಾನ ಬಂತು, ಅವಳು ಪದ್ಧತಿಯಂತೆ ಮಾತು ನಿಲ್ಲಿಸಿದಳು. ಇಡೀ ತಾರಸಿ ನಡುಗುತ್ತಿತ್ತು. ನನ್ನ ಪಾಲಿನ ರೈಲು ಬಂದಿದೆ ಎನಿಸಿತು. ಅವಳ ಮುಖವನ್ನೇ ನೋಡುತ್ತಾ, ಗಂಟಲು ಹರಿಯುವಷ್ಟು ಜೋರಾಗಿ ಹೇಳಿದೆ: "ಪವಿತ್ರಾ, ನನಗ ನೀನಂದ್ರ ಭಾಳ ಪ್ರೀತಿ. ಬರೀ ಗೆಳತಿ ಅಂತಲ್ಲ. ನಿನ್ನ ಬಿಟ್ಟು ಇರಾಕ ಆಗಂಗಿಲ್ಲ ನನಗ."

ವಿಮಾನ ಹೋಯಿತು. ಪವಿತ್ರ ನನ್ನನ್ನು ನೋಡಿದಳು. "ಈ ಕಡೆ ಹಾಕು" ಎಂದು ಬಿಟ್ಟ ಪದದಿಂದಲೇ ಮುಗಿಸಿದಳು.

ನನಗೆ ಆದ ನೆಮ್ಮದಿಯನ್ನು ಏನೆಂದು ಹೇಳಲಿ. ಹೇಳಿಯೂ ಆಯಿತು, ಸಿಕ್ಕಿಯೂ ಬೀಳಲಿಲ್ಲ. ಅಷ್ಟರಲ್ಲಿ ಎರಡನೆಯ ವಿಮಾನ ಬಂತು. ಪವಿತ್ರಳ ಬಾಯಿ ಅಗಲವಾಗಿ ತೆರೆದು ಮುಚ್ಚಿತು. ಆಕಳಿಸುತ್ತಿದ್ದಾಳೆ ಎಂದುಕೊಂಡೆ. ನಾನು ಜೀವ ಒತ್ತೆಯಿಟ್ಟು ಮಾತಾಡಿದರೆ ಇವಳಿಗೆ ನಿದ್ದೆ ಬರುತ್ತಿದೆಯಲ್ಲ ಎಂದು ಸಣ್ಣಗೆ ಬೇಜಾರೂ ಆಯಿತು. ಅಜ್ಜಿಯ ಕೈ ಬುಟ್ಟಿಯಲ್ಲಿ ನಿಂತುಹೋಗಿತ್ತು. ಅದನ್ನು ನೋಡಿದೆ, ಆದರೆ ಯೋಚಿಸಲಿಲ್ಲ.

ಮರುದಿನ ಸಂಜೆ ಖುಷಿಯಿಂದ ಓಡಿ ಬಂದು ಸುದ್ದಿ ಹೇಳಿದೆ. ಆರ್.ಟಿ. ನಗರದಲ್ಲಿ ರೂಮು ಸಿಕ್ಕಿದೆ, ಚಿಕ್ಕದು, ಒಬ್ಬಳಿಗೆ ಹೇಳಿ ಮಾಡಿಸಿದ ಹಾಗಿದೆ. ಪವಿತ್ರಳ ಮುಖ ಕಪ್ಪಿಟ್ಟಿತು. "ಒಬ್ಳಿಗಾ?" ಎಂದಳು. ಹೌದು ಎಂದೆ, ಮಂಚವೂ ಒಂದೇ ಎಂದು ಬೇರೆ ಸೇರಿಸಿದೆ. ಅವಳು "ಒಳ್ಳೇದಾಯ್ತು. ಹೋಗೋವಾಗ ಬೀಗದ ಕೈ ಅಮ್ಮನ ಹತ್ರ ಕೊಟ್ಟು ಹೋಗಿ ಮೇಡಂ" ಎಂದಳು.

ಹೋಗಿ. ಮೇಡಂ. ನಮ್ಮ ಭಾಷೆಯಲ್ಲಿ ಮರ್ಯಾದೆ ಕೊಡುವಷ್ಟು ದೊಡ್ಡ ಅವಮರ್ಯಾದೆ ಇನ್ನೊಂದಿಲ್ಲ. ಅವತ್ತಿನಿಂದ ಯೂರಿ ಸಂಘ ಬಾಗಿಲು ಮುಚ್ಚಿತು. ಮೆಟ್ಟಿಲಲ್ಲಿ ಎದುರಾದರೆ ಅವಳು ಗೋಡೆಗೆ ಸರಿದು ದಾರಿ ಬಿಡುತ್ತಿದ್ದಳು. ಅವಳು ಬೇಡ ಎಂದಿದ್ದರೆ ಅತ್ತುಬಿಡುತ್ತಿದ್ದೆ. ಏನೂ ಕೇಳಿಸಿಕೊಳ್ಳದವಳು ಯಾಕೆ ಮುನಿದಳು ಎಂಬುದೇ ತಿಳಿಯದೆ ಹದಿನಾರು ದಿನ ಉರಿದೆ.

ಪೆಟ್ಟಿಗೆ ಕಟ್ಟುವ ದಿನ ಅಜ್ಜಿ ಮೆಟ್ಟಿಲು ಹತ್ತಿ ಬಂದರು. ಮಂಚದ ಅಂಚಿಗೆ ಕುಳಿತು ಸುಧಾರಿಸಿಕೊಂಡು, "ಏನಮ್ಮಿ, ಅವ್ಳು ಅಷ್ಟು ಚೆಂದಾಗಿ ಯೋಳುದ್ರೂ ಒಬ್ಳೇ ಓಯ್ತಾ ಇದ್ದೀಯಲ್ಲ?" ಎಂದರು.

"ಏನ್ ಹೇಳಿದ್ಲು ಅಜ್ಜಿ? ಯಾವಾಗ?"

"ಅವರೆಕಾಳು ಹಿತುಕ್ತಾ ಇರ್ಲಿಲ್ವಾ? ನೀನು ಒಂದ್ ಇಮಾನ್ದಾಗೆ ಯೋಳ್ದೆ. ಅವ್ಳು ಮುಂದಿನ್ ಇಮಾನ್ದಾಗೆ ಯೋಳುದ್ಲು."

ಕಟ್ಟುತ್ತಿದ್ದ ಪೆಟ್ಟಿಗೆಯ ಮೇಲೇ ಕುಳಿತೆ. "ನಾನ್ ಹೇಳಿದ್ದು ನಿಮಗ ಕೇಳಿಸ್ತಾ?"

"ಕೇಳ್ಸಕೆ ನಂಗೆ ಕಿವಿ ಎಲ್ಲೈತೆ? ಕಂಡ್ತು." ಅಜ್ಜಿ ತಮ್ಮ ತುಟಿಯನ್ನು ಬೆರಳಿನಿಂದ ತಟ್ಟಿ ತೋರಿಸಿದರು. "ಮದ್ವೆ ಆಗಿ ಬಂದಾಗಿಂದ ಈ ಸದ್ದಿನಡಿ ಸಂಸಾರ ಮಾಡಿವ್ನಿ. ಇಮಾನ ಬಂತು ಅಂತ ನಮ್ಮತ್ತೆ ಬಯ್ಯೋದ್ ನಿಲ್ಲುಸ್ತಿದ್ಲಾ? ತುಟಿ ನೋಡ್ಕಂಡೇ ಬೈಸ್ಕಂತಿದ್ದೆ. ಮಾತು ನಿಲ್ಸೋದೆಲ್ಲ ನಿಮ್ಮಂತ ಒರಗ್ನೋರಿಗೋಸ್ಕರ ಕಣವ್ವ. ಮನ್ಯೋರ್ಗೆ ಸದ್ದ್ಯಾಕೆ ಬೇಕು? ಈ ಬೀದೀಲಿ ಉಟ್ಟಿದ್ ಮಕ್ಕಳಿಗೆಲ್ಲ ಬತ್ತೈತೆ."

ನಾನು ಗಂಟಲು ಹರಿದುಕೊಂಡು, ತುಟಿಯನ್ನು ಇಷ್ಟಗಲ ಮಾಡಿ, ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳಿದ್ದು ನೆನಪಾಯಿತು. ಭೂಮಿ ಬಾಯಿ ಬಿಡಲಿ ಎನಿಸಿತು. ಆದರೂ ಕೇಳಲೇಬೇಕಿತ್ತು. "ಅವಳು ಏನಂದ್ಲು?"

"ಎಲ್ಡು ರೂಮಿನ ಮನೆ ನೋಡು, ನಾನೂ ಬತ್ತೀನಿ ಅಂದ್ಲು."

ಆಮೇಲೆ ಅಜ್ಜಿ ಮಂಚ ಹಿಡಿದು ಎದ್ದರು. "ನಂಗೆ ಇದೆಲ್ಲ ಪೂರ್ತಿ ಅರ್ತ ಆಗಕಿಲ್ಲ. ಆ ಮೂಗಿಲ್ದಿರೋ ಹುಡ್ಗೀರ್ನ ನೋಡಿ ನೋಡಿ ಒಸಿ ಆಗೈತೆ. ಒಂದ್ ಮಾತು ಯೋಳ್ತೀನಿ. ಇಮಾನದ್ ಸದ್ದಾಗೆ ಯೋಳ್ಕಂಡಿದ್ದು ಇಮಾನದ್ ಸದ್ದಾಗೇ ಇರ್ಲಿ. ಒರಗೆಲ್ಲ ಕೂಗ್ಬ್ಯಾಡಿ. ಓಗು, ಮನೆ ನೋಡೋಗು." ಅದು ಆಶೀರ್ವಾದವೋ ಎಚ್ಚರಿಕೆಯೋ ಎಂದು ನಾನು ಇವತ್ತಿಗೂ ಬಿಡಿಸಿ ನೋಡಿಲ್ಲ. ಎರಡನ್ನೂ ಕಣ್ಣಿಗೊತ್ತಿಕೊಂಡು ಆಟೋ ಹತ್ತಿದೆ.

ಯಶವಂತಪುರದ ಮಾರುಕಟ್ಟೆಯಲ್ಲಿ ಲಾರಿಗಳು, ಹಮಾಲರ ಕೂಗು, ಕೊಳೆತ ಸಿಪ್ಪೆಯ ಮೇಲೆ ಜಾರುವ ನನ್ನ ಚಪ್ಪಲಿ. ಪವಿತ್ರ ಮಂಡಿಯ ಮುಂದೆ ನಿಂತು ಒಂದು ಚೀಲದೊಳಗೆ ಮೊಣಕೈ ತನಕ ಕೈ ಹಾಕಿದ್ದಳು. ನನ್ನನ್ನು ನೋಡಿ, "ಏನ್ ಮೇಡಂ ಇಲ್ಲಿ?" ಎಂದಳು.

"ಎರಡು ರೂಮು. ಅಡುಗಿಮನಿಗೆ ಕಿಟಕಿ ಬೇಕು. ನನಗ ತುಟಿ ಓದಾಕ ಬರಂಗಿಲ್ಲ ಪವಿತ್ರಾ, ನೀ ಆಕಳಿಸಾಕತ್ತಿ ಅನ್ಕೊಂಡಿದ್ದೆ."

ಅವಳು ಚೀಲದಿಂದ ಕೈ ತೆಗೆಯುವುದನ್ನೂ ಮರೆತು ನಿಂತಳು. "ಆಕಳಿಕೆನಾ?" ಎಂದಳು. "ಅಯ್ಯೋ ಗದಗು! ವಿಮಾನದಲ್ಲಿ ಹೇಳಿದವ್ಳಿಗೆ ತುಟಿ ಓದೋಕೂ ಬರತ್ತೆ ಅಂದ್ಕೊಂಡೆ. ಹದಿನಾರು ದಿನ ಸತ್ತೋಗಿದ್ದೀನಿ ನಾನು." ಇಬ್ಬರ ಕಣ್ಣಲ್ಲೂ ನೀರು ಬಂತು. ಅಳುವುದಕ್ಕೆ ಈರುಳ್ಳಿ ಮಂಡಿಯಷ್ಟು ಒಳ್ಳೆಯ ಜಾಗ ಬೆಂಗಳೂರಿನಲ್ಲಿ ಇನ್ನೊಂದಿಲ್ಲ. ಪಕ್ಕದಲ್ಲೇ ಚೀಲ ಹೊಲಿಯುತ್ತಿದ್ದವರು ನಮ್ಮತ್ತ ತಲೆ ಎತ್ತಿಯೂ ನೋಡಲಿಲ್ಲ.

ಮನೆ ಒಡೆದಾಗ ಅವಳ ಅಪ್ಪ ಅಮ್ಮ, ಅಜ್ಜಿಯನ್ನು ಕರೆದುಕೊಂಡು ಬಾಡಿಗೆ ಮನೆಗೆ ಹೋದರು. ಅಲ್ಲಿ ಜಾಗ ಸಾಲದು, ಕಟ್ಟಡ ಏಳುವ ತನಕ ಒಂದು ವರ್ಷ ಗದಗು ಜೊತೆ ಇರುತ್ತೇನೆ ಎಂದಳು ಪವಿತ್ರ. ಕಟ್ಟಡ ಎದ್ದು ಬಣ್ಣವೂ ಮಾಸಿತು, ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಪ್ರತಿ ಯುಗಾದಿಗೆ ಅವಳಮ್ಮ ಬೇವು ಬೆಲ್ಲದ ಜೊತೆ ಒಂದು ಗಂಡಿನ ಜಾತಕ ತರುತ್ತಾರೆ. ಅಜ್ಜಿ ಅದರ ಮೇಲೆ ಎಲೆ ಅಡಿಕೆ ತಟ್ಟೆ ಇಟ್ಟುಬಿಡುತ್ತಾರೆ. ತೊಂಬತ್ತರ ಹತ್ತಿರ ಬಂದರೂ ಅವರ ಕಣ್ಣು ಚುರುಕಾಗಿದೆ, ಅವರ ಮುಂದೆ ಪಿಸುಗುಟ್ಟುವ ಹಾಗೂ ಇಲ್ಲ.

ಆ ಕಥೆಗಳ ಮೇಲೆ ನನಗೀಗ ಇರುವ ಒಂದೇ ದೂರೆಂದರೆ, ಉದ್ದಜಡೆ, ಕನ್ನಡಕ ಕೈ ಕೈ ಹಿಡಿದ ಕೂಡಲೇ ಎಲ್ಲ ಮುಗಿದುಹೋಗುತ್ತದೆ. ಚೀಲದ ಬಾಯಿ ಕಟ್ಟಿಬಿಡುತ್ತಾರೆ. ಕುಕ್ಕರಿನ ಗ್ಯಾಸ್ಕೆಟ್ಟು ಯಾರು ತರಬೇಕು ಎಂದು ಅವರು ಜಗಳವಾಡಿದ್ದನ್ನು ಯಾರೂ ಬರೆಯುವುದಿಲ್ಲ. ಪವಿತ್ರ ನನಗಾಗಿ ರೊಟ್ಟಿ ಬಡಿಯಲು ಕಲಿತಳು. ಅವಳ ರೊಟ್ಟಿ ಇವತ್ತಿಗೂ ದುಂಡಗಾಗುವುದಿಲ್ಲ, ಸೀದದ್ದನ್ನು ಮಾತ್ರ ಯಾವಾಗಲೂ ತನ್ನ ತಟ್ಟೆಗೆ ಹಾಕಿಕೊಳ್ಳುತ್ತಾಳೆ. ಗಮನಿಸದವಳ ಹಾಗೆ ನಾನು ಮೆತ್ತನೆಯದನ್ನು ತಿನ್ನುತ್ತೇನೆ. ಅಜ್ಜಿಯ ಮಾತನ್ನೂ ನಡೆಸಿಕೊಂಡು ಬಂದಿದ್ದೇವೆ. ಎಂಟು ವರ್ಷದಲ್ಲಿ ಇಬ್ಬರೂ ಇದನ್ನು ಹೊರಗಿನವರೊಬ್ಬರಿಗೂ ನೆಟ್ಟಗೆ ಹೇಳಿಲ್ಲ.

ಅಗೋ, ಮೂರನೆಯ ವಿಮಾನವೂ ಹೋಯಿತು. ಲೋಟಗಳು ಸುಮ್ಮನಾದವು. ವಿಜಯಮ್ಮನವರು ಬಟ್ಟಲನ್ನು ಎದೆಗವಚಿಕೊಂಡು ನನ್ನ ತೆರೆದ ಬಾಯಿಯನ್ನೇ ನೋಡುತ್ತಿದ್ದಾರೆ. ಪದ್ಧತಿಯೆಂದರೆ ಪದ್ಧತಿ, ನಿಲ್ಲಿಸಿದ ಪದದಿಂದಲೇ ಶುರು ಮಾಡಬೇಕು. ಹೂಂ, ಹಾಗೇ ಅಂದ್ಕೊಳ್ಳಿ ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಇಷ್ಟೆಲ್ಲ ನೆನಪಾದ ಮೇಲೆ ಅದು ಯಾಕೋ ಸಪ್ಪೆ ಎನಿಸಿತು.

"ನಾವಿಬ್ರೂ ಅಕ್ಕ ತಂಗಿ ಅಲ್ರೀ" ಎಂದೆ. "ಪ್ರೀತಿ ಮಾಡಿ ಸಂಸಾರ ಹೂಡಿದವರು. ಎಂಟು ವರ್ಷ ಆತು."

ಒಳಗೆ ಪುಟ ತಿರುವುವ ಸದ್ದು ನಿಂತಿತು. ವಿಜಯಮ್ಮ ನನ್ನನ್ನು ನೋಡಿದರು, ನನ್ನ ಹಿಂದೆ ನೋಡಿದರು, ಕೊನೆಗೆ ತಮ್ಮ ಬಟ್ಟಲನ್ನು ನೋಡಿಕೊಂಡರು. ಲಿಫ್ಟು ಎಲ್ಲೋ ಕೆಳಗೆ ನಿಂತು ಬಾಗಿಲು ತೆರೆದದ್ದು ಸ್ಪಷ್ಟವಾಗಿ ಕೇಳಿಸಿತು.

"ಹೌದಾ" ಎಂದರು ಅವರು. ಬಟ್ಟಲನ್ನು ಮುಂದಕ್ಕೆ ಚಾಚಿದರು. "ಒಂದ್ ಚಮಚ ಹೆಪ್ಪು ಬೇಕಿತ್ತು ಕಣಮ್ಮಾ. ನಮ್ದು ಹುಳಿ ಬಂದ್ಬಿಟ್ಟಿದೆ."

ಎರಡು ಚಮಚ ಹಾಕಿ ಕೊಟ್ಟೆ. ಒಂದು ತೊಟ್ಟು ಹೊಸ್ತಿಲ ಮೇಲೆ ಬಿತ್ತು. ಅವರು ಬಟ್ಟಲಿಗೆ ಅಂಗೈ ಮುಚ್ಚಿಕೊಂಡು ತಮ್ಮ ಮನೆಗೆ ಹೋದರು. ನಾಳೆ ಇನ್ನೊಮ್ಮೆ ಬಾಗಿಲು ತಟ್ಟುತ್ತಾರೋ, ಇಲ್ಲ ಗಂಡನಿಗೆ ಹೇಳಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾರೋ, ನನಗೆ ಗೊತ್ತಿಲ್ಲ.

ಬಾಗಿಲು ಮುಚ್ಚಿ ತಿರುಗಿದರೆ ಪವಿತ್ರ ಎಣ್ಣೆಗೈಯಲ್ಲಿ ಕಾಮಿಕ್ಸು ಹಿಡಿದುಕೊಂಡೇ ಎದ್ದು ನಿಂತಿದ್ದಳು. ಪುಟಕ್ಕೆಲ್ಲ ಎಣ್ಣೆ ಹತ್ತಿತ್ತು. ಅವಳ ತುಟಿ ಎರಡು ಸಲ ಅಲುಗಿತು, ಆಮೇಲೆ ಮಾತು ಹೊರಟಿತು.

"ಗದಗು, ವಿಮಾನ ಹೋಗಿತ್ತು ಕಣೇ."

"ಗೊತ್ತು" ಎಂದೆ.